ಬನ್ನಿನ ವ್ಯಾನಿನಲ್ಲಿ ದಿನಕ್ಕೆಷ್ಟು ದೂರ

1978ನೇ ಇಸವಿ ಅಕ್ಟೋಬರ್ 12, ಗುರುವಾರ, ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಕಡೂರಿನ ನಮ್ಮ ಮನೆಯ ಮುಂದೆ ಚಿಕ್ಕಪ್ಪ ವ್ಯಾನಿನ ಕೀಲಿ ತಿರುಗಿಸಿದರು. ಎಂಜಿನ್ನು ಮೊದಲನೇ ಸಲ ಕೆಮ್ಮಿತು, ಎರಡನೇ ಸಲ ಸೀನಿತು, ಮೂರನೇ ಸಲ ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸಿ ಶುರುವಾಯಿತು. ಹಿಂದಿನ ದಿನವಷ್ಟೇ ವಿಜಯದಶಮಿ ಮುಗಿದಿತ್ತು. ಆಯುಧಪೂಜೆಗೆ ವ್ಯಾನಿನ ಮುಂದೆ ಕಟ್ಟಿದ್ದ ಬಾಳೆಕಂದು ಇನ್ನೂ ಬಾಡಿರಲಿಲ್ಲ. ಒಳಗೆ ನಾವು ನಾಲ್ಕು ಜನ. ಓಡಿಸುವುದಕ್ಕೆ ಚಿಕ್ಕಪ್ಪ, ಅವರ ಪಕ್ಕ ಚಿಕ್ಕಮ್ಮ, ಹಿಂದಿನ ಬೆಂಚಿನ ಮೇಲೆ ಅಜ್ಜಿ, ಅಜ್ಜಿಗೆ ಅಂಟಿಕೊಂಡು ಹದಿಮೂರು ವರ್ಷದ ನಾನು, ನನ್ನ ತೊಡೆಯ ಮೇಲೆ ಡೈರಿ. ಅಜ್ಜ ಬರಲಿಲ್ಲ. ಬ್ರೆಡ್ಡಿನ ಡಬ್ಬಿಯೊಳಗೆ ಮಲಗುವ ವಯಸ್ಸು ತನ್ನದಲ್ಲ ಎಂದು ಅಪ್ಪ ಅಮ್ಮನ ಜೊತೆ ಮನೆಯಲ್ಲೇ ಉಳಿದರು.

ಅಜ್ಜನ ಮಾತು ಸುಳ್ಳಲ್ಲ. ಅದು ಒಂದು ಬೇಕರಿಯ ಹಳೆಯ ವ್ಯಾನು. ಲೇತ್ ವರ್ಕ್‌ಶಾಪ್ ಇಟ್ಟಿದ್ದ ಚಿಕ್ಕಪ್ಪ ಅದನ್ನು ಕೊಂಡು ತಂದು ಆರು ತಿಂಗಳು ಅದರ ಮೇಲೆ ಬಿದ್ದಿದ್ದರು. ಒಳಗಿನ ಬ್ರೆಡ್ಡಿನ ಅರೆಗಳನ್ನು ಕಿತ್ತು ಎರಡು ಕಡೆ ಬೆಂಚು ಹಾಕಿದರು. ಬೆಂಚುಗಳ ನಡುವೆ ಹಲಗೆ ಇಟ್ಟರೆ ಅದೇ ಮಂಚ. ಮೂಲೆಯಲ್ಲಿ ಸೀಮೆಎಣ್ಣೆ ಸ್ಟೌ, ಅದರ ಪಕ್ಕ ನಲ್ಲಿ ಇಟ್ಟ ನೀರಿನ ಡ್ರಮ್ಮು. ವ್ಯಾನಿಗೆ ಕಿಟಕಿ ಇರಲಿಲ್ಲವಾದ್ದರಿಂದ ಅಜ್ಜಿಗೆಂದು ಎಡಗಡೆ ಒಂದು ಕಿಟಕಿ ಕತ್ತರಿಸಿದರು. ಅದು ಸ್ವಲ್ಪ ಸೊಟ್ಟಗಾಯಿತು. ಹೊರಗೆ ಹಸಿರು ಬಣ್ಣ ಬಳಿದರೂ ‘ಬಿಸಿ ಬನ್ನು’ ಎಂಬ ಕೆಂಪು ಅಕ್ಷರಗಳು ಬಣ್ಣದ ಹಿಂದಿನಿಂದ ಇಣುಕುತ್ತಲೇ ಇದ್ದವು. ಬಿಸಿಲೇರಿದರೆ ಒಳಗೆ ಇನ್ನೂ ಸಿಹಿ ಬನ್ನಿನ ವಾಸನೆ ಏಳುತ್ತಿತ್ತು. ಹಸಿವಾದಾಗ ಅದು ಹಿಂಸೆ, ಹೊಟ್ಟೆ ತುಂಬಿದಾಗ ಸ್ವರ್ಗ.

ನಾವು ಹೊರಟಿದ್ದು ಜೋಗ ನೋಡುವುದಕ್ಕೆ. ಸರಿಯಾಗಿ ಹೇಳಬೇಕೆಂದರೆ, ಅಜ್ಜಿಗೆ ಜೋಗ ತೋರಿಸುವುದಕ್ಕೆ. ಅಜ್ಜಂಪುರಕ್ಕೆ ಕೊಟ್ಟಿದ್ದ ಅಜ್ಜಿಯ ತಂಗಿ, ನಾವೆಲ್ಲ ಚಿಕ್ಕಜ್ಜಿ ಎನ್ನುತ್ತಿದ್ದವರು, ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಜೋಗಕ್ಕೆ ಹೋಗಿ ಬಂದಿದ್ದರು. ಅಲ್ಲಿಂದೀಚೆಗೆ ಯಾವ ಮದುವೆ ಮನೆಯಲ್ಲಿ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಅದು ಜೋಗಕ್ಕೆ ಹೋಗಿ ಬೀಳುತ್ತಿತ್ತು. ನಾಲ್ಕು ಧಾರೆ, ಒಂದೊಂದರ ಅಬ್ಬರ, ಕೆಳಗಿನಿಂದ ಏಳುವ ಹೊಗೆ, ಎಲ್ಲ ವಿವರ. ಹೇಳಿ ಮುಗಿಸಿ, ನೀನಂತೂ ನೋಡ್ಲಿಲ್ವಲ್ಲಕ್ಕಾ, ಎಂದು ಅಜ್ಜಿಯ ಕಡೆ ತಿರುಗುತ್ತಿದ್ದರು. ಆಗ ಅಜ್ಜಿ ಎಲೆ ಅಡಿಕೆಯ ತಟ್ಟೆಯಲ್ಲಿ ಏನನ್ನೋ ಹುಡುಕತೊಡಗುತ್ತಿದ್ದರು. ಈಗ ಮುಂದಿನ ತಿಂಗಳು ಚಿಕ್ಕಜ್ಜಿಯ ಮೊಮ್ಮಗಳ ಮದುವೆ ಇತ್ತು. ಅಷ್ಟರೊಳಗೆ ಜೋಗ ನೋಡಿರಬೇಕು ಎನ್ನುವುದು ಅಜ್ಜಿಯ ಹಟ. ಬಾಯಿಬಿಟ್ಟು ಅವರು ಹೇಳಿದ್ದು ಒಂದೇ ಸಲ: ‘ಈ ಸಲ ಅವಳು ಹಂಗಂದ್ರೆ, ನೋಡೀನಿ ಕಣೇ ಅನ್ಬೇಕು. ಅಷ್ಟೇಯಾ.’

ದಿನಕ್ಕೆ ಎಷ್ಟು ದೂರ ಹೋಗಬೇಕು ಎಂದು ತೀರ್ಮಾನಿಸುವ ಕೆಲಸ ನನ್ನದಾಗಿತ್ತು. ವ್ಯಾನಿನ ಮೀಟರು ಕೆಟ್ಟಿತ್ತು, ರಸ್ತೆ ಪಕ್ಕದ ಕಲ್ಲುಗಳನ್ನು ಎಣಿಸುವುದಕ್ಕೆ ಒಬ್ಬರು ಬೇಕಿತ್ತು. ಏಳನೇ ವಯಸ್ಸಿನಿಂದ ಮನೆಯಲ್ಲಿ ಮುರಿದ ಬಳೆಯನ್ನೂ ಬಿದ್ದ ಹಲ್ಲನ್ನೂ ತಾರೀಖು ಹಾಕಿ ಬರೆದಿಡುತ್ತಿದ್ದವಳು ನಾನೊಬ್ಬಳೇ. ಚಿಕ್ಕಪ್ಪ ನನ್ನನ್ನು ಕಿಲೋಮೀಟರಿನ ಮಂತ್ರಿ ಎಂದು ಕರೆದರು. ವ್ಯಾನಿನ ರೇಡಿಯೇಟರು ಮಧ್ಯಾಹ್ನದ ಬಿಸಿಲಿಗೆ ಕುದಿಯುತ್ತಿದ್ದುದರಿಂದ ಬೆಳಿಗ್ಗೆ ಮಾತ್ರ ಓಡಿಸಬೇಕು, ಐವತ್ತರ ಸುತ್ತಮುತ್ತ ನಿಲ್ಲಿಸಬೇಕು ಎಂದು ಅವರು ಹೇಳಿದ್ದರು. ಅದರಂತೆ ನಾನು ಸ್ಕೇಲು ಹಿಡಿದು ಪಟ್ಟಿ ಮಾಡಿದ್ದೆ. ಮೊದಲ ದಿನ ತರೀಕೆರೆ, ಎರಡನೇ ದಿನ ಶಿವಮೊಗ್ಗ, ನಾಲ್ಕನೇ ದಿನ ಜೋಗ, ಅಲ್ಲಿ ಎರಡು ದಿನ, ಮತ್ತೆ ನಾಲ್ಕು ದಿನ ವಾಪಸು. ಸ್ಕೂಲು ಶುರುವಾಗುವುದು 23ಕ್ಕೆ. ಒಂದು ದಿನ ಉಳಿತಾಯವೂ ಇತ್ತು. ಆ ಉಳಿದ ದಿನಕ್ಕೆ ನಾನು ಕೆಂಪು ಮಸಿಯಲ್ಲಿ ಚೌಕ ಹಾಕಿದ್ದೆ.

ಈ ಪಟ್ಟಿಯಲ್ಲಿ ನಾನು ಕಲ್ಲುಗಳನ್ನು ಎಣಿಸಿದ್ದೆ, ನೆಂಟರನ್ನು ಎಣಿಸಿರಲಿಲ್ಲ.

ಬೀರೂರಿನಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸು ಗಾಡಿ ಸಾವಕಾಶವಾಗಿ ಹೋಗುತ್ತಿದ್ದಾಗ ಅಜ್ಜಿಯ ಅಣ್ಣ ಹಾಲಿನ ಚೊಂಬು ಹಿಡಿದುಕೊಂಡು ಸೊಟ್ಟ ಕಿಟಕಿಯ ಕೆಳಗೇ ಬಂದು ನಿಂತರು. ಬೀರೂರು ಅಜ್ಜಿಯ ತವರು. ಅವರು ತಂಗಿಯ ಮುಖವನ್ನೂ ವ್ಯಾನಿನ ಮೂತಿ ತಿರುಗಿದ್ದ ದಿಕ್ಕನ್ನೂ ಒಂದು ಸಲ ನೋಡಿ ಮನೆಯ ಕಡೆ ನಡೆದರು. ಗೇಟು ಏಳುವುದರೊಳಗೆ ಅಜ್ಜಿ ಇಳಿದಾಗಿತ್ತು. ನೆಂಟರ ಊರಿನ ಮೇಲೆ ಹಾದು ಹೋಗುವಾಗ ಮನೆಗೆ ಹೋಗದಿದ್ದರೆ ಅದು ಅವಮಾನ. ಹೋದ ಮೇಲೆ ಊಟ ಮಾಡದಿದ್ದರೆ ಇನ್ನೂ ದೊಡ್ಡ ಅವಮಾನ. ಊಟವಾದ ಮೇಲೆ ಬಿಸಿಲಲ್ಲಿ ಹೊರಟರೆ ಕೋಪ. ಬಿಸಿಲಿಳಿದ ಮೇಲೆ ದೀಪ ಹಚ್ಚುವ ಹೊತ್ತಿಗೆ ಹೊರಟರೆ ಅಪಶಕುನ. ಹೀಗೆ ಗುರುವಾರ ಮುಗಿಯಿತು. ಮಾರನೆಯ ದಿನ ಶುಕ್ರವಾರ. ಮಂಗಳವಾರ, ಶುಕ್ರವಾರ ಮನೆಮಗಳನ್ನು ಕಳಿಸುವ ಪದ್ಧತಿ ಇಲ್ಲ. ಮನೆಮಗಳಿಗೆ ಅರವತ್ತಾರು ವರ್ಷವಾದರೂ ಇಲ್ಲ. ಶನಿವಾರ ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆ ರಾಹುಕಾಲ. ನಾವು ಬೀರೂರು ಬಿಟ್ಟದ್ದು ಶನಿವಾರ ಹತ್ತು ಮೂವತ್ತೈದಕ್ಕೆ. ಎರಡು ದಿನದಲ್ಲಿ ನಾವು ಸವೆಸಿದ್ದ ದಾರಿ ಏಳು ಕಿಲೋಮೀಟರು. ಅಜ್ಜಿಯ ಅಣ್ಣ ಬೀಳ್ಕೊಡಲು ಸೈಕಲ್ಲಿನಲ್ಲಿ ಬಂದವರು ನಮ್ಮನ್ನು ದಾಟಿ ಸ್ವಲ್ಪ ಮುಂದೆ ಹೋಗಿ ಕಾದರು.

ಅಂದು ಹನ್ನೊಂದು ಕಲ್ಲು ದಾಟುವುದರೊಳಗೆ ಚಿಕ್ಕಮ್ಮನ ಅಕ್ಕನ ಊರು ಸಿಕ್ಕಿತು. ಅತ್ತೆಯ ಅಣ್ಣನ ಮನೆಗೆ ಹೋಗಿದ್ದಾಗಿದೆ, ಸೊಸೆಯ ಅಕ್ಕನ ಮನೆ ಬಿಡುವುದು ಹೇಗೆ. ಶ್ಯಾವಿಗೆ ಒತ್ತಿದರು. ನಾನು ಪಟ್ಟಿಯಲ್ಲಿ 50 ಹೊಡೆದು 11 ಬರೆದೆ. ಭಾನುವಾರ ಹದಿನೇಳು ಓಡಿ ತರೀಕೆರೆ ಮುಟ್ಟಿದೆವು. ಅಲ್ಲಿ ಅಜ್ಜಿಯ ಮೈದುನನ ಮನೆ. ಸೋಮವಾರ ಭೂಮಿ ಹುಣ್ಣಿಮೆ. ಹೊಡೆ ತುಂಬಿದ ಪೈರಿಗೆ ಬಯಕೆಯ ಊಟ ಬಡಿಸುವ ದಿನ ಮನೆಗೆ ಬಂದವರು ಗದ್ದೆಗೆ ಹೋಗದೆ ಹೊರಟರೆ ಭೂಮಿತಾಯಿಗೇ ಬೇಜಾರು. ಹೋದೆವು. ಬದುವಿನ ಮೇಲೆ ಕುಳಿತು ಕೊಟ್ಟೆ ಕಡುಬು, ಕೆಸುವಿನ ಪಲ್ಯ, ಬುತ್ತಿ ತಿಂದೆವು. ಚಿಕ್ಕಪ್ಪ ಎಷ್ಟು ತಿಂದರೆಂದರೆ, ಈಗ ಬಯಕೆ ಊಟ ಪೈರಿಗೋ ನಿಂಗೋ ಎಂದು ಅವರ ಚಿಕ್ಕಪ್ಪನೇ ಕೇಳಿದರು. ಐದು ದಿನ, ಮೂವತ್ತೈದು ಕಿಲೋಮೀಟರು. ಬಸ್ಸಿನಲ್ಲಿ ಬೆಳಿಗ್ಗೆ ಹೊರಟವನು ಇಷ್ಟು ದೂರ ಎರಡನೇ ಕಾಫಿಯ ಹೊತ್ತಿಗೆ ಬಂದಿರುತ್ತಾನೆ.

ಇಷ್ಟರಲ್ಲಿ ಇನ್ನೊಂದು ವ್ಯವಹಾರ ಬೆಳೆದಿತ್ತು. ವ್ಯಾನು ಎಲ್ಲಿ ನಿಂತರೂ ಬಣ್ಣದ ಹಿಂದಿನ ಅಕ್ಷರ ಓದಿಕೊಂಡು ಮಕ್ಕಳು ಓಡಿ ಬರುತ್ತಿದ್ದವು. ಬನ್ನು ಇಲ್ಲ ಎಂದರೆ ನಂಬುತ್ತಿರಲಿಲ್ಲ, ಮೂಗು ಮುಂದೆ ಮಾಡಿ ವಾಸನೆ ತೋರಿಸುತ್ತಿದ್ದವು. ಬಾಗಿಲಿಗೆ ಬಂದ ಮಕ್ಕಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅಜ್ಜಿ ಒಂದೊಂದು ಚಕ್ಕುಲಿ ಕೊಡತೊಡಗಿದರು. ಜೋಗದವರೆಗೆ ಎಂದು ತುಂಬಿಸಿದ್ದ ಡಬ್ಬ ತರೀಕೆರೆಯಲ್ಲೇ ತಳ ಕಂಡಿತು.

ಸೋಮವಾರ ಸಂಜೆ ಗದ್ದೆಯಿಂದ ಬರುವಷ್ಟರಲ್ಲಿ ಅಜ್ಜಂಪುರದ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ಒಂದು ಸುದ್ದಿ ಬಿಟ್ಟು ಹೋಗಿದ್ದರು. ನಾವು ವ್ಯಾನಿನಲ್ಲಿ ಬಂದ ಸಮಾಚಾರ ಆಗಲೇ ಅಜ್ಜಂಪುರ ಮುಟ್ಟಿ, ಅಲ್ಲಿಂದ ಚಿಕ್ಕಜ್ಜಿಯ ಮಾತಾಗಿ ತಿರುಗಿ ಬಂದಿತ್ತು: ‘ತರೀಕೆರೆ ಗಂಟ ಬಂದು ಹಂಗೇ ಹೊಂಟೋಗ್ತಾಳಂತಾ ನಮ್ಮಕ್ಕ?’

ಅಜ್ಜಂಪುರ ನಮ್ಮ ದಾರಿಯಲ್ಲಿಲ್ಲ. ತರೀಕೆರೆಯಿಂದ ಇಪ್ಪತ್ತೆರಡು ಕಿಲೋಮೀಟರು ಪೂರ್ವಕ್ಕೆ. ಜೋಗ ಇರುವುದು ಪಶ್ಚಿಮಕ್ಕೆ. ಚಿಕ್ಕಪ್ಪ ಬೆಳಿಗ್ಗೆ ಐದಕ್ಕೇ ಎದ್ದು ಭದ್ರಾವತಿಯ ಕಡೆ ಹೊರಟುಬಿಡೋಣ ಎಂದು ಪಿಸುಗುಟ್ಟಿದರು. ಅಜ್ಜಿ ಎಲೆ ಅಡಿಕೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ, ಅವಳ ಮೊಮ್ಮಗಳ ಮದುವೆಗೆ ಹೋಗಿ ಜೋಗ ನೋಡೀನಿ ಅಂದ್ರೆ, ನಮ್ಮನೆ ದಾಟ್ಕಂಡು ಹೋಗಿ ನೋಡ್ದಲ್ಲ ಅಂತಾಳೆ, ಎಂದರು.

ನಾನು ಲಾಟೀನಿನ ಹತ್ತಿರ ಕುಳಿತು ಲೆಕ್ಕ ಹಾಕಿದೆ. ಮೈದುನನ ಮನೆಗೆ ಅಜ್ಜಿ ಮನೆಮಗಳಲ್ಲ, ಸೊಸೆ, ಹಾಗಾಗಿ ಮಂಗಳವಾರ ಹೊರಡಬಹುದು. ಅಂದೇ ಅಜ್ಜಂಪುರಕ್ಕೆ ಹೋದರೆ ಅಕ್ಕನನ್ನು ತಂಗಿ ಎರಡು ದಿನವಾದರೂ ಇಟ್ಟುಕೊಳ್ಳುತ್ತಾಳೆ. ಆಗ ಗುರುವಾರ ಮುಗಿದಿರುತ್ತದೆ. ಶುಕ್ರವಾರ ಕಳಿಸುವುದಿಲ್ಲ. ಶನಿವಾರ ಹೊರಟರೆ ನೇರ ಕಡೂರಿಗೇ ಬರಬೇಕು. ‘ಅಜ್ಜಂಪುರದಲ್ಲಿ ಇಳಿದ್ರೆ ಜೋಗ ಇಲ್ಲ,’ ಎಂದು ನಾನು ಘೋಷಿಸಿದೆ. ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ನೆಗಡಿ ಇರಲಿಲ್ಲ.

ಆಗ ಚಿಕ್ಕಮ್ಮ, ಪ್ರಯಾಣದುದ್ದಕ್ಕೂ ಹೆಚ್ಚು ಮಾತಾಡದೆ ಇದ್ದವರು, ಖಾಲಿ ಚಕ್ಕುಲಿ ಡಬ್ಬ ತೊಳೆಯುತ್ತಲೇ ಕೇಳಿದರು: ‘ಅತ್ತೆ, ಬಾಗಿಲಿಗೆ ಬಂದ ಮಕ್ಕಳನ್ನ ಬರಿಗೈಲಿ ಕಳಿಸಬಾರ್ದು ಅಂದ್ರಲ್ಲ. ಬಾಗಿಲು ಅಂದ್ಮೇಲೆ ಇದು ಮನೆ ತಾನೆ?’

‘ಹೂಂ. ಹೊಸ್ತಿಲಿಗೆ ಅರಿಶಿನ ಹಚ್ಚಿಲ್ವೇ ನಾನು?’

‘ಹಂಗಾದ್ರೆ ನಾವು ನಮ್ಮನೇಲೇ ಇರೋವ್ರು ಅವರ ಮನೆಗೆ ಯಾಕೆ ಇಳೀಬೇಕು? ನಮ್ಮನೆ ಅವರೂರಿಗೆ ಹೋಗಿರುತ್ತೆ. ಅವರೇ ನಮ್ಮನೆಗೆ ಬರ್ಲಿ. ಬಂದೋರು ಹೊತ್ತಾಯ್ತು ಅಂತ ಅವರೇ ಏಳ್ತಾರೆ.’

ಚಿಕ್ಕಪ್ಪ ಹೆಂಡತಿಯ ಕಡೆ ಮೊದಲ ಸಲ ನೋಡುವವರಂತೆ ನೋಡಿದರು. ಅಜ್ಜಿ ಒಂದು ನಿಮಿಷ ಬೆರಳಿನಲ್ಲಿ ಏನೇನೋ ಶಾಸ್ತ್ರ ಎಣಿಸಿ, ತಪ್ಪು ಸಿಕ್ಕದೆ, ನಗತೊಡಗಿದರು. ನಾನು ಪಟ್ಟಿಯ ಹಾಳೆಯನ್ನು ಹರಿಯದೆ ಮಡಿಸಿ ಹೊಸ ಹಾಳೆ ತೆಗೆದೆ.

ಮಂಗಳವಾರ ಹತ್ತೂಕಾಲಿಗೆ ಅಜ್ಜಂಪುರದಲ್ಲಿ ಚಿಕ್ಕಜ್ಜಿಯ ಮನೆಯ ಮುಂದೆ ವ್ಯಾನು ನಿಂತಿತು. ಚಿಕ್ಕಜ್ಜಿ ಕಾಲು ತೊಳೆಯುವುದಕ್ಕೆ ನೀರಿನ ಚೊಂಬು ಹಿಡಿದು ಜಗುಲಿಯ ಮೇಲೆ ನಿಂತಿದ್ದರು. ಚಿಕ್ಕಪ್ಪ ಹಿಂದಿನ ಬಾಗಿಲು ತೆಗೆದರು. ಅಜ್ಜಿ ಬಾಗಿಲಲ್ಲಿ ಚಾಪೆ ಹಾಸಿಕೊಂಡು ಮನೆಯ ಯಜಮಾನಿಯಂತೆ ಕುಳಿತರು.

‘ಇಳಿಯಕ್ಕಾ,’ ಎಂದರು ಚಿಕ್ಕಜ್ಜಿ.

‘ನೀನು ಬಾರೇ. ನಮ್ಮನೆ ನೋಡಿಲ್ವಲ್ಲ ನೀನು.’

‘ಇದ್ಯಾವ ಮನೆ? ಬನ್ನು ಅಂತ ಬರ್ದೈತೆ.’

‘ಅದು ಹಳೇ ಖಾತೆದಾರ್ರು ಬರ್ಸಿದ್ದು.’

ಬೀದಿ ನೆರೆಯಿತು. ಸಂತೆಗೆ ಹೊರಟವರು ಬುಟ್ಟಿ ಇಳಿಸಿ ನಿಂತರು. ಮಕ್ಕಳು ಬನ್ನಿಗಾಗಿ ಸಾಲುಗಟ್ಟಿದವು. ದೊಡ್ಡವಳು ನಾನು, ನೀನು ಬರಬೇಕು ಎಂದು ಅಜ್ಜಿ. ಬಂದವಳು ನೀನು, ನೀನು ಇಳಿಯಬೇಕು ಎಂದು ಚಿಕ್ಕಜ್ಜಿ. ಒಬ್ಬರು ಇಳಿಯಲಿಲ್ಲ, ಇನ್ನೊಬ್ಬರು ಹತ್ತಲಿಲ್ಲ. ಚಿಕ್ಕಜ್ಜಿ ನಿಂತು ನಿಂತು ಕಾಲು ನೋಯಿಸಿಕೊಂಡು ಜಗುಲಿಯ ಮೇಲೆಯೇ ಕುಳಿತರು. ಇಬ್ಬರ ನಡುವೆ ನಾಲ್ಕು ಮಾರು ಬೀದಿ ಇತ್ತು. ಅದರ ಮೇಲೆ ಬಿಸಿಲು ಏರುತ್ತಿತ್ತು. ನನಗೆ ಹೆದರಿಕೆಯಾಯಿತು. ಹೀಗೇ ಕೋಪ ಮಾಡಿಕೊಂಡರೆ ಮುಂದಿನ ತಿಂಗಳ ಮದುವೆಗೆ ಅಜ್ಜಿ ಬರುವ ಹಾಗಿಲ್ಲ. ಮದುವೆಗೇ ಬರದಿದ್ದರೆ ಜೋಗ ನೋಡಿ ಯಾರಿಗೆ ಹೇಳುವುದು?

ಇಳಿಯುವುದು ಬೇಡ, ಹತ್ತುವುದೂ ಬೇಡ, ಮನೆಯನ್ನೇ ಸ್ವಲ್ಪ ಹಿಂದಕ್ಕೆ ತಳ್ಳಿದರೆ ಆಗುವುದಿಲ್ಲವೇ ಎಂದು ನಾನು ಕೇಳಿದೆ. ಆ ದಿನದ ಮಟ್ಟಿಗೆ ಮಂತ್ರಿಯಾಗಿ ನಾನು ಕೊಟ್ಟ ಆದೇಶ ಅದೊಂದೇ. ಚಿಕ್ಕಪ್ಪ ವ್ಯಾನನ್ನು ಅಡ್ಡ ತಿರುಗಿಸಿ, ಹಿಂದಿನ ಬಾಗಿಲನ್ನು ಜಗುಲಿಗೆ ನೇರ ಮಾಡಿ ರಿವರ್ಸ್ ಹಾಕಿದರು. ಬೀದಿಯವರೆಲ್ಲ ಸೇರಿ ದಾರಿ ಹೇಳಿದರು. ಬರ್ಲಿ ಬರ್ಲಿ ಎಂದು ಕೆಲವರು, ಸಾಕು ಎಂದು ಕೆಲವರು, ಎಡಕ್ಕೆ ಎಂದು ಬಲಗೈ ತೋರಿಸುವವರು ಕೆಲವರು. ಜಗುಲಿಯ ಎತ್ತರಕ್ಕೂ ವ್ಯಾನಿನ ನೆಲದ ಎತ್ತರಕ್ಕೂ ಒಂದು ಗೇಣಿನ ವ್ಯತ್ಯಾಸವೂ ಇರಲಿಲ್ಲ. ಹೊಸ್ತಿಲು ಜಗುಲಿಗೆ ತಾಗಿ ಟಕ್ ಎಂದಾಗ ಬೀದಿ ಚಪ್ಪಾಳೆ ತಟ್ಟಿತು. ಚಿಕ್ಕಜ್ಜಿ ಕುಳಿತಲ್ಲಿಂದಲೇ ಸ್ವಲ್ಪ ಮುಂದಕ್ಕೆ ಸರಿದರು, ಅಜ್ಜಿಯೂ ಸ್ವಲ್ಪ ಸರಿದರು. ಯಾರು ಯಾರ ಮನೆಗೆ ಬಂದರೆಂದು ಇಂದಿಗೂ ತೀರ್ಮಾನವಾಗಿಲ್ಲ. ನಮ್ಮ ಪ್ರಯಾಣದಲ್ಲಿ ಓಡಿಸಿದ ಅತಿ ಕಡಿಮೆ ದೂರ ಅದು. ನಾನು ಅದನ್ನೂ ಬರೆದುಕೊಂಡೆ: ಹಿಂದಕ್ಕೆ, ನಾಲ್ಕು ಮಾರು.

ಅರ್ಧ ವ್ಯಾನಿನಲ್ಲಿ ಅರ್ಧ ಜಗುಲಿಯಲ್ಲಿ ಕಾಫಿ ಆಯಿತು. ಲೋಟ ಚಿಕ್ಕಜ್ಜಿಯ ಮನೆಯದು, ಕಾಫಿ ನಮ್ಮ ಸ್ಟೌವಿನದು. ಸಮಾಧಾನವಾದ ಮೇಲೆ ಅಜ್ಜಿ ನಿಜವಾದ ಕುತೂಹಲದಿಂದಲೇ ತಂಗಿಯನ್ನು ಕೇಳಿದರು, ಜೋಗದಲ್ಲಿ ಯಾವ ಕಡೆ ನಿಂತರೆ ಚೆನ್ನಾಗಿ ಕಾಣುತ್ತದೆ, ಮೇಲಿಂದಲೋ ಪಕ್ಕದಿಂದಲೋ ಎಂದು. ನಲವತ್ತೈದು ವರ್ಷ ಜೋಗದ ವಿಷಯ ಹೇಳಿದ ಚಿಕ್ಕಜ್ಜಿಗೆ ಯಾರೂ ಎದುರು ಪ್ರಶ್ನೆ ಹಾಕಿರಲಿಲ್ಲವೆಂದು ಕಾಣುತ್ತದೆ. ಅವರು ಲೋಟವನ್ನು ತಿರುಗಿಸಿದರು, ಮತ್ತೆ ತಿರುಗಿಸಿದರು.

‘ಎಲ್ಲಾ ಕಡೆಯಿಂದ್ಲೂ ಒಂದೇ ಥರ ಕಣಕ್ಕಾ,’ ಎಂದರು.

‘ಅಂದ್ರೆ ಹೆಂಗೆ?’

‘ಬೆಳ್ಳಗೆ.’

‘ನೀರು ಬೆಳ್ಳಗೇ ಇರುತ್ತೆ. ಯಾವ ಕಡೆ ನಿಂತ್ಕಬೇಕು ಹೇಳು.’

ಚಿಕ್ಕಜ್ಜಿ ಒಳಗೆ ಸೊಸೆ ಇದ್ದಾಳೇನೋ ಎಂದು ತಿರುಗಿ ನೋಡಿ, ದನಿ ಇಳಿಸಿದರು. ‘ನೀರೆಲ್ಲಿ ಕಾಣಿಸ್ತು? ನಾವು ಹೋಗಿದ್ದು ಶ್ರಾವಣದಾಗೆ. ಬರೀ ಮಂಜು ಕಣಕ್ಕಾ. ಕೈ ಚಾಚಿದ್ರೆ ಕೈ ಕಾಣ್ತಿರ್ಲಿಲ್ಲ. ಸದ್ದು ಕೇಳಿಸ್ಕಂಡು ಬಂದೆ. ಧಾರೆ ಎಲ್ಲಾ ಕ್ಯಾಲೆಂಡರ್‌ನಾಗೆ ನೋಡಿದ್ದು.’

ಅಜ್ಜಿ ಲೋಟ ಕೆಳಗಿಟ್ಟರು. ಮೊದಲು ಅವರ ಭುಜ ಕುಣಿಯಿತು, ಆಮೇಲೆ ಹೊಟ್ಟೆ, ಆಮೇಲೆ ಬೆಂಚು. ಚಿಕ್ಕಜ್ಜಿ ಸ್ವಲ್ಪ ಹೊತ್ತು ಮುಖ ಗಂಟಿಕ್ಕಿಕೊಂಡಿದ್ದು, ತಡೆಯಲಾರದೆ ಅವರೂ ಸೇರಿಕೊಂಡರು. ಇಬ್ಬರೂ ಒಬ್ಬರ ತೊಡೆಯನ್ನೊಬ್ಬರು ಹೊಡೆದುಕೊಂಡು ನಕ್ಕ ರಭಸಕ್ಕೆ ಡ್ರಮ್ಮಿನ ನೀರು ತುಳುಕಿತು. ಏನಾಯಿತೆಂದು ತಿಳಿಯದ ಬೀದಿಯ ಜನವೂ ನಕ್ಕಿತು. ನಾನು ನಕ್ಕು ನಕ್ಕು ಬಿಕ್ಕಳಿಕೆ ಹಿಡಿಸಿಕೊಂಡೆ.

ನಗು ಇಳಿದ ಮೇಲೆ ಚಿಕ್ಕಜ್ಜಿ ಕಣ್ಣೊರೆಸಿಕೊಂಡು ವ್ಯಾನಿನ ಒಳಗನ್ನು ಅಳೆದು ನೋಡಿದರು. ‘ಇದ್ರಾಗೆ ಇನ್ನೊಬ್ರಿಗೆ ಜಾಗ ಐತೇನಕ್ಕಾ?’

ಹೀಗೆ ನಲವತ್ತೈದು ವರ್ಷದ ಜೋಗಕ್ಕೆ ಇಬ್ಬರು ಅಭ್ಯರ್ಥಿಗಳಾದರು. ರಾತ್ರಿ ವ್ಯಾನು ಜಗುಲಿಗೆ ತಾಗಿಕೊಂಡೇ ನಿಂತಿತು. ಬುಧವಾರ ಬೆಳಿಗ್ಗೆ ಚಿಕ್ಕಜ್ಜಿಯ ಸೊಸೆ ಚಕ್ಕುಲಿ ಡಬ್ಬ ಮತ್ತೆ ತುಂಬಿಸಿಕೊಟ್ಟು, ಅತ್ತೆಯನ್ನು ಸ್ವಲ್ಪ ಅವಸರದಿಂದಲೇ ಕಳಿಸಿಕೊಟ್ಟರು.

ಬುಧವಾರದ ಮಾತು ಬೇರೆ. ತರೀಕೆರೆಯಲ್ಲಿ ಮೈದುನನ ಮನೆಯ ಮುಂದೆ ಹಾರ್ನು ಹೊಡೆದೆವು; ಅವರು ಬಂದು ನಮ್ಮನೆಯಲ್ಲಿ ನಿಂತುಕೊಂಡು ಅರ್ಧ ಲೋಟ ಕಾಫಿ ಕುಡಿದು, ನಮಗೆ ಹೊತ್ತಾಯ್ತು ಎಂದು ತಾವೇ ಇಳಿದು ಹೋದರು. ಚಿಕ್ಕಜ್ಜಿ ಬಂದಿದ್ದರಿಂದ ನೆಂಟರು ಎರಡರಷ್ಟಾಗಿದ್ದರು. ಭದ್ರಾವತಿಯಲ್ಲಿ ಅವರ ನಾದಿನಿ, ಶಿವಮೊಗ್ಗದ ಹತ್ತಿರ ನಾದಿನಿಯ ಬೀಗರು. ಎಲ್ಲರನ್ನೂ ನಾವು ನಮ್ಮ ಮನೆಯಲ್ಲಿ ಉಪಚರಿಸಿ, ಕುಂಕುಮ ಕೊಟ್ಟು ಕಳಿಸಿದೆವು. ನಾನು ಕಲ್ಲು ಎಣಿಸುತ್ತಾ ಕೂಗುತ್ತಿದ್ದೆ, ಇಬ್ಬರು ಅಜ್ಜಿಯರು ನನ್ನ ಹಿಂದೆ ಕೂಗುತ್ತಿದ್ದರು. ಅವತ್ತು ಅರವತ್ತು, ಗುರುವಾರ ನೂರೆರಡು. ರೇಡಿಯೇಟರು ಮೂರು ಸಲ ಕುದಿಯಿತು. ಮೂರನೇ ಸಲ ಕುಡಿಯುವ ನೀರನ್ನೇ ಅದಕ್ಕೆ ಹೊಯ್ದು ಚಿಕ್ಕಪ್ಪ ಎಳನೀರು ಕುಡಿದರು. ಸಂಜೆ ಐದೂವರೆಗೆ ಜೋಗ ಮುಟ್ಟಿದೆವು.

ಮಂಜು. ಕಣಿವೆಯ ತುಂಬ ಯಾರೋ ಹತ್ತಿ ಹರಡಿದ್ದಂತೆ ಮಂಜು. ಕೆಳಗೆಲ್ಲೋ ಸದ್ದು. ಚಿಕ್ಕಜ್ಜಿ ಕಟ್ಟೆಯ ಹತ್ತಿರ ನಿಂತು ನೋಡಿ, ಹಳೆಯ ಪರಿಚಯದವರನ್ನು ಕಂಡಂತೆ, ‘ಇದೇ ಕಣಕ್ಕಾ, ಇದೇ ನಾನು ನೋಡಿದ್ದು,’ ಎಂದರು. ಅಜ್ಜಿ ನಗಲಿಲ್ಲ.

ಶುಕ್ರವಾರ ಬೆಳಿಗ್ಗೆಯೂ ಅದೇ. ಒಂಬತ್ತಾಯಿತು, ಹನ್ನೊಂದಾಯಿತು. ವ್ಯಾನು ದಣಿದಿತ್ತು, ವಾಪಸು ದಾರಿಯನ್ನು ಎರಡೂವರೆ ದಿನಕ್ಕೆ ಹಂಚಿದರೆ ಮಾತ್ರ ಭಾನುವಾರ ಮನೆ ಸೇರಬಹುದು, ಇಲ್ಲದಿದ್ದರೆ ದಾರಿಯಲ್ಲಿ ಕೈ ಕೊಡುತ್ತದೆ ಎಂದು ಚಿಕ್ಕಪ್ಪ ಹೇಳಿದರು. ಅದರ ಪ್ರಕಾರ ಮಧ್ಯಾಹ್ನ ಹನ್ನೆರಡಕ್ಕೆ ಹೊರಡಬೇಕಿತ್ತು. ಹನ್ನೆರಡಾಯಿತು. ಚಿಕ್ಕಪ್ಪ ಕೀಲಿ ಕೈಯಲ್ಲಿ ಹಿಡಿದು ಬಂದರು. ಅಕ್ಕ ತಂಗಿ ಕಟ್ಟೆಯ ಮೇಲೆ ಒಂದೇ ಶಾಲು ಹೊದ್ದು ಕುಳಿತಿದ್ದರು.

‘ಏಳಮ್ಮ, ಹೊರಡಣ.’

‘ಇವತ್ತು ಯಾವ ವಾರ?’ ಎಂದರು ಅಜ್ಜಿ.

‘ಶುಕ್ರವಾರ.’

‘ತಂಗಿ ನಮ್ಮನೆಗೆ ಬಂದವಳೆ. ಶುಕ್ರವಾರ ಕಳ್ಸಕ್ಕಾಗಲ್ಲ.’

ಚಿಕ್ಕಪ್ಪ, ನಾವು ಕಳಿಸುತ್ತಿಲ್ಲ, ಮನೆ ಸಮೇತ ಕರೆದುಕೊಂಡು ಹೋಗುತ್ತಿದ್ದೇವೆ ಎಂದು ವಾದಿಸಿದರು. ಒಳ್ಳೆಯ ವಾದವೇ. ಅಜ್ಜಿ ಕಣಿವೆಯ ಕಡೆಯಿಂದ ಕಣ್ಣು ತೆಗೆಯಲಿಲ್ಲ. ‘ಮನೆ ಮೂತಿ ಅವಳೂರ ಕಡೆಗೆ ತಿರುಗ್ತಲ್ಲ, ಅದೇ ಕಳ್ಸಿದಂಗೆ ಕಣಪ್ಪಾ.’

ಚಿಕ್ಕಪ್ಪ ನನ್ನ ಕಡೆ ತಿರುಗಿದರು. ‘ಏನಮ್ಮಾ ಮಂತ್ರಿ, ಏನ್ ಮಾಡಣ? ಇವತ್ತು ಎಷ್ಟು?’

ನನ್ನ ಹಾಳೆಯಲ್ಲಿ ಶುಕ್ರವಾರದ ಮುಂದೆ ಮೂವತ್ತು ಎಂದಿತ್ತು. ಬೀರೂರಿನ ಶುಕ್ರವಾರ ನಮ್ಮಿಂದ ಕಿತ್ತುಕೊಂಡ ಒಂದು ದಿನವನ್ನು, ಆ ಕೆಂಪು ಚೌಕದ ದಿನವನ್ನು, ಜೋಗದ ಶುಕ್ರವಾರ ವಾಪಸು ಕೊಡುತ್ತಿತ್ತು. ಇಂಥ ಸರಿಸಮ ನನ್ನ ಡೈರಿಯಲ್ಲಿ ಅದುವರೆಗೆ ಬಂದಿರಲಿಲ್ಲ. ನಾನು ಮೂವತ್ತು ಹೊಡೆದು, ‘ಸೊನ್ನೆ,’ ಎಂದೆ. ಇಬ್ಬರು ಅಜ್ಜಿಯರೂ ಒಟ್ಟಿಗೆ ನನ್ನ ಕಡೆ ತಿರುಗಿ ನೋಡಿದ ನೋಟಕ್ಕೆ ಮಾರ್ಕು ಕೊಡುವುದಾದರೆ ನೂರಕ್ಕೆ ನೂರು.

ಶನಿವಾರ ಒಂಬತ್ತಕ್ಕೆ ಹೊರಡುವುದೆಂದು ಎಲ್ಲ ಕಟ್ಟಿಟ್ಟುಕೊಂಡಿದ್ದೆವು. ಒಂಬತ್ತಕ್ಕೆ ಸರಿಯಾಗಿ ಬಿಸಿಲು ಬಿತ್ತು. ಮಂಜು ಕೆಳಗಿನಿಂದ ಸಡಿಲವಾಗಿ, ಒಂದು ಕಡೆ ಹರಿದು, ಇನ್ನೊಂದು ಕಡೆ ಮುಚ್ಚಿ, ಮತ್ತೆ ಹರಿಯಿತು. ಮೊದಲು ಬಂಡೆ, ಆಮೇಲೆ ಬಂಡೆಯ ಮೇಲೆ ಬೆಳ್ಳಿಯ ಗೆರೆ, ಆ ಗೆರೆ ಬೀಳುತ್ತಾ, ಬೀಳುತ್ತಾ, ಇನ್ನೂ ಬೀಳುತ್ತಲೇ ಇತ್ತು. ಅಜ್ಜಿ ‘ಅಯ್ಯೋ’ ಎಂದರು, ಏನೋ ಒಡೆದು ಹೋದಾಗ ಅನ್ನುವ ಹಾಗೆ. ಚಿಕ್ಕಜ್ಜಿ ಅಕ್ಕನ ಕೈ ಹಿಡಿದುಕೊಂಡು ಕಟ್ಟೆಯುದ್ದಕ್ಕೂ ಎಳೆದಾಡಿದರು, ಇಲ್ಲಿಂದ ನೋಡು, ಇಲ್ಲ ಇಲ್ಲಿಂದ ನೋಡು ಎಂದು. ಕಡೆಗೂ ಅವರಿಗೆ ಆ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಚಿಕ್ಕಪ್ಪ ಗಡಿಯಾರ ನೋಡಿಕೊಂಡರು. ಅಷ್ಟರಲ್ಲಿ ಚಿಕ್ಕಮ್ಮ ಮೆಲ್ಲಗೆ, ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ ಅಲ್ಲವೇ ಎಂದರು. ಹೊರಡುವ ಹಾಗೇ ಇರಲಿಲ್ಲ. ರಾಹುವಿಗೆ ಅಷ್ಟು ಸಂತೋಷದಿಂದ ಯಾರೂ ತಲೆಬಾಗಿರಲಾರರು.

ಹತ್ತು ಮೂವತ್ತೈದಕ್ಕೆ ಹೊರಟೆವು. ಅವತ್ತು ನೂರೆರಡು, ಮಾರನೆಯ ದಿನ ಎಂಬತ್ತೊಂಬತ್ತು. ಅಜ್ಜಂಪುರದಲ್ಲಿ ವ್ಯಾನನ್ನು ಜಗುಲಿಗೆ ತಾಗಿಸಿ ಚಿಕ್ಕಜ್ಜಿಯನ್ನು ಅವರ ಮನೆಗೆ ಸರಿಸಿದೆವು. ಬೀರೂರಿನ ಗೇಟು ತೆಗೆದಿತ್ತು. ಭಾನುವಾರ ದೀಪ ಹಚ್ಚುವ ಹೊತ್ತಿಗೆ ಕಡೂರು. ಅಜ್ಜ ಬಾಗಿಲಲ್ಲಿ ನಿಂತು ಬನ್ನು ಉಳಿದಿದೆಯಾ ಎಂದು ಕೇಳಿದರು.

ಮುಂದಿನ ತಿಂಗಳ ಮದುವೆಯಲ್ಲಿ ಏನಾಯಿತೆಂದು ಹೇಳಿದರೆ ಈ ಲೆಕ್ಕ ಮುಗಿಯಬೇಕಿತ್ತು. ಅಕ್ಕ ತಂಗಿ ಪಕ್ಕಪಕ್ಕ ಕುಳಿತು ಜೋಗದ ಕಥೆ ಹೇಳಿದರು. ಈ ಸಲ ಯಾರೂ ಎಲೆ ಅಡಿಕೆಯ ತಟ್ಟೆಯಲ್ಲಿ ಹುಡುಕಲಿಲ್ಲ. ಆದರೆ ಅಜ್ಜಿ ನಾಲ್ಕು ಧಾರೆ ಎಂದರು, ನೋಡದೆ ನಲವತ್ತೈದು ವರ್ಷ ನಾಲ್ಕು ಎಂದಿದ್ದ ಚಿಕ್ಕಜ್ಜಿ ನೋಡಿ ಬಂದ ಮೇಲೆ ಮೂರೇ ಎಂದರು. ಒಂದು ಧಾರೆ ಮಂಜಿನ ಹಿಂದೆಯೇ ಉಳಿದಿತ್ತೋ, ನೀರೇ ಇರಲಿಲ್ಲವೋ ತಿಳಿಯದು. ಚಿಕ್ಕಪ್ಪನನ್ನು ಕೇಳಿದರೆ ತಾನು ಗಡಿಯಾರ ನೋಡುತ್ತಿದ್ದೆ ಎನ್ನುತ್ತಾರೆ. ಎಲ್ಲರೂ ನನ್ನ ಡೈರಿ ತೆಗೆಸಿದರು. ಕಲ್ಲು, ಕಾಫಿ, ಕುದಿದ ರೇಡಿಯೇಟರು, ಎಲ್ಲವೂ ಅದರಲ್ಲಿವೆ. ಅಕ್ಟೋಬರ್ 21, ಧಾರೆಗಳು, ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದೇನೆ. ಆ ಒಂದೂವರೆ ಗಂಟೆ ನಾನು ಎಣಿಸಲಿಲ್ಲ. ಕಟ್ಟೆಯ ಮೇಲೆ ಕುಣಿಯುತ್ತಿದ್ದೆ.

ವ್ಯಾನನ್ನು 1984ರಲ್ಲಿ ಮಾರಿದೆವು. ನನಗೆ ಈಗ ಇಪ್ಪತ್ತೊಂದು. ಅಕ್ಕ ತಂಗಿ ಇಬ್ಬರೂ ಗಟ್ಟಿಯಾಗಿದ್ದಾರೆ, ಅವರ ಜಗಳವೂ ಗಟ್ಟಿಯಾಗಿದೆ. ಆದ್ದರಿಂದ ಕೇಳುತ್ತಿದ್ದೇನೆ: 1978ರ ಅಕ್ಟೋಬರ್ 21ರ ಶನಿವಾರ, ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆಯೊಳಗೆ ನೀವು ಜೋಗದಲ್ಲಿದ್ದಿರಾದರೆ, ಕಟ್ಟೆಯ ಮೇಲೆ ಒಂದೇ ಶಾಲು ಹೊದ್ದ ಇಬ್ಬರು ಮುದುಕಿಯರನ್ನೂ ಬನ್ನಿನ ವಾಸನೆಯ ಹಸಿರು ವ್ಯಾನನ್ನೂ ಕಂಡಿದ್ದಿರಾದರೆ, ಅವತ್ತು ಎಷ್ಟು ಧಾರೆ ಬೀಳುತ್ತಿದ್ದವೆಂದು ದಯವಿಟ್ಟು ಪ್ರಕಾಶಕರ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಮೂರಾದರೂ ಸರಿ, ನಾಲ್ಕಾದರೂ ಸರಿ, ಎಣಿಸಿದ್ದರೆ ಮಾತ್ರ ಬರೆಯಿರಿ.